ಉಡುಮಲೈಪೇಟೆಯಲ್ಲಿ ನನ್ನ ಎಡಗಿವಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅತ್ತೆಯ ಚುನಾವಣಾ ಪ್ರಚಾರಕ್ಕೆ ಕೈಜೋಡಿಸಲೆಂದು ಗಡಿ ದಾಟಿ ಹೋದವನು ನಾನು. ಪ್ರಚಾರದ ಕೊನೆಯ ದಿನ ಅದೇ ಅತ್ತೆಯ ವಾರ್ಡಿನ ಮತದಾರರನ್ನು ಎದುರಾಳಿಯ ಗೋಡೌನಿನಲ್ಲಿ ಕೂರಿಸಿಕೊಂಡು ಬೆಳಗಿನಿಂದ ನಗಿಸಿದವನೂ ನಾನೇ. ಯಾರೂ ಹೆದರಿಸಲಿಲ್ಲ, ಯಾರೂ ಆಸೆ ತೋರಿಸಲಿಲ್ಲ. "ತಂಬಿ, ನಿಮ್ಮ ದನಿ ಬಲು ಚೆಂದ" ಅಂದರು, ಅಷ್ಟಕ್ಕೇ ಬಿದ್ದೆ. ವೋಟು ಕೊಳ್ಳಲು ಜನ ಏನೇನೋ ಖರ್ಚು ಮಾಡುತ್ತಾರೆ. ನಾನು ಬರೀ ಹೊಗಳಿಕೆಗೆ ಸಿಗುವ ಮಾಲು.

ನನ್ನ ಕಸುಬು ಮಿಮಿಕ್ರಿ. ಆರತಕ್ಷತೆ, ಕಾಲೇಜ್ ಡೇ, ಗಣೇಶನ ಪೆಂಡಾಲು, ಎಲ್ಲಿ ಮೈಕಿದೆಯೋ ಅಲ್ಲಿ ನಾನಿರುತ್ತೇನೆ. ಅಪ್ಪನ ಗೊರಕೆಯನ್ನು ಅಪ್ಪ ಎಚ್ಚರವಿರುವಾಗಲೇ ಮಾಡಿ ತೋರಿಸಿ ಏಟು ತಿಂದ ಅನುಭವವೂ ಇದೆ. ಮೈಸೂರಿನವರಾದ ಅಪ್ಪನಿಗೆ ಅಮ್ಮನ ತವರೂರೆಂದರೆ ಪರದೇಶ. "ಚಾಮರಾಜನಗರ ದಾಟಿದ ಮೇಲೆ ಅಂಗಡಿ ಬೋರ್ಡು ಓದೋಕಾಗಲ್ಲ. ಅಂದ್ಮೇಲೆ ಅದು ಫಾರಿನ್ನೇ" ಎಂಬುದು ಅವರ ವಾದ. ನನಗೂ ತಮಿಳು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಅಪ್ಪನ ಕಾನೂನಿನಂತೆ ಇದು ವಿದೇಶ ಪ್ರವಾಸ. ಪಾಸ್‌ಪೋರ್ಟಿನ ಬದಲು ಅಮ್ಮ ಕೈಗಿಟ್ಟದ್ದು ಒಂದು ಡಬ್ಬಿ ಮೈಸೂರು ಪಾಕು.

ದಿಂಬಂ ಘಟ್ಟ

ಘಟ್ಟದ ತಿರುವೊಂದರಲ್ಲಿ ಪಕ್ಕದ ಸೀಟಿನ ಅಜ್ಜಿಯನ್ನು ನಗಿಸೋಣವೆಂದು ಲಾರಿ ಹಾರನ್ ಹೊಡೆದೆ, ಬಾಯಲ್ಲಿ. ಚೆನ್ನಾಗಿಯೇ ಬಂತು. ಎಷ್ಟು ಚೆನ್ನಾಗಿ ಎಂದರೆ ಡ್ರೈವರು ಬ್ರೇಕು ಒತ್ತಿ ಬಸ್ಸನ್ನು ಬಂಡೆಯ ಪಕ್ಕಕ್ಕೆ ಸರಿಸಿ, ಬರದ ಲಾರಿಗೆ ದಾರಿ ಬಿಟ್ಟು ಕಾದರು. ಹಿಂದಿನಿಂದ ಒಂದು ಟೊಮೆಟೊ ಬುಟ್ಟಿ ಉರುಳಿಕೊಂಡು ನನ್ನ ಕಾಲಬುಡಕ್ಕೆ ಬಂತು.

ಕಂಡಕ್ಟರು ಎದ್ದು ಬಂದರು. ನಮ್ಮ ಕಡೆಯಾಗಿದ್ದರೆ "ಇಳಿಯಯ್ಯಾ ಕೆಳಗೆ" ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಇವರು ಕೈಮುಗಿಯುವವರ ಹಾಗೆ ಬಗ್ಗಿ, "ಹಂಗೆ ಮಾಡಬೇಡೀಂಗ ತಂಬಿ. ಎಲ್ರೂ ಮನೆಗೆ ಹೋಗ್ಬೇಕುಂಗ" ಎಂದು ತಮಿಳಿನಲ್ಲಿ ಹೇಳಿ, ಟೊಮೆಟೊ ಹೆಕ್ಕಲು ನನ್ನನ್ನೇ ಹಚ್ಚಿದರು. ಈ ಸೀಮೆಯವರು ಬೈಗುಳಕ್ಕೂ ಒಂದು ‘ಂಗ’ ಬಾಲ ಅಂಟಿಸಿ ಮರ್ಯಾದೆ ಕೊಡುತ್ತಾರೆ. ಅಲ್ಲಿನ ಕನ್ನಡದವರಿಗೂ ಆ ಬಾಲ ಅಂಟಿಕೊಂಡಿದೆ. ಮುಂದೆ ತಮಿಳಿನಲ್ಲಿ ನಡೆದ ಮಾತನ್ನೂ ನಾನು ಅತ್ತೆಯ ಮನೆಯ ಕನ್ನಡಕ್ಕೆ ಹಾಕಿಯೇ ಬಡಿಸುತ್ತೇನೆ. ರುಚಿ ಒಂದೇ.

ಆರ್.ಎಸ್. ಪುರಂ

ಉಡುಮಲೈಪೇಟೆಯ ಪ್ರೆಸ್ಸುಗಳೆಲ್ಲ ದೊಡ್ಡ ಪಕ್ಷಗಳ ಕೆಲಸದಲ್ಲಿ ಮುಳುಗಿದ್ದರಿಂದ ಅತ್ತೆಯ ಕರಪತ್ರವನ್ನು ಕೊಯಮತ್ತೂರಿನ ಆರ್.ಎಸ್. ಪುರಂನ ಒಂದು ಹಳೆಯ ಪ್ರೆಸ್ಸಿಗೆ ಕೊಟ್ಟಿದ್ದರು. ಅದನ್ನು ಹೊತ್ತು ತರುವುದು ನನ್ನ ಮೊದಲ ಜವಾಬ್ದಾರಿ. ಪ್ರೆಸ್ಸಿನ ಯಜಮಾನರು ಕನ್ನಡಕದ ಮೇಲಿಂದ ನೋಡಿ ಕೇಳಿದರು:

"ಎಷ್ಟು ಪ್ರತಿ ಹಾಕ್ಬೇಕುಂಗ?"

"ಒಂದು ಸಾವಿರ."

"ಸರಿ. ಕೆಳಗೆ ಎಷ್ಟು ಅಂತ ಹಾಕ್ಬೇಕುಂಗ?"

ನನಗೆ ಅರ್ಥವಾಗಲಿಲ್ಲ. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಕರಪತ್ರದ ಕೆಳಗೆ ಪ್ರೆಸ್ಸಿನ ಹೆಸರು, ಪ್ರತಿಗಳ ಸಂಖ್ಯೆ ಎರಡೂ ಇರಬೇಕು. ಆ ಸಂಖ್ಯೆ ಅಭ್ಯರ್ಥಿಯ ಖರ್ಚಿಗೆ ಸೇರುತ್ತದೆ. ಹಾಗಾಗಿ ಹಾಕಿಸುವ ಸಂಖ್ಯೆ ಒಂದು, ಕೆಳಗೆ ನಮೂದಿಸುವ ಸಂಖ್ಯೆ ಇನ್ನೊಂದು. ಬರುವವರೆಲ್ಲ ಎರಡನ್ನೂ ಬೇರೆ ಬೇರೆ ಹೇಳುವುದು ವಾಡಿಕೆ.

"ಅತ್ತೆ ಎರಡೂ ಒಂದೇ ಅಂದಿದಾರೆ" ಎಂದೆ.

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಒಳಗೆ ತಿರುಗಿ ಕೆಲಸದವರಿಗೆ, "ಇಲ್ಲಿ ಒಂದು ಕಾಪಿ ಕೊಡೀಂಗ" ಎಂದು ಕೂಗಿದರು. ನಾನು ಕಾಫಿ ಕುಡಿದು ಮುಗಿಸಿ ಕರಪತ್ರ ಅಚ್ಚಾಗುವವರೆಗೂ ನನ್ನನ್ನು ಮ್ಯೂಸಿಯಮ್ಮಿನ ವಸ್ತುವನ್ನು ನೋಡುವಂತೆ ನೋಡಿ, ಕಟ್ಟು ಕೈಗಿಡುವಾಗ ಹೇಳಿದರು: "ಸೋತೋಗ್ತಾರುಂಗ, ಪಾಪ. ಆ ಅಮ್ಮನಿಗೆ ನಾನು ನಮಸ್ಕಾರ ಹೇಳ್ದೆ ಅನ್ನೀಂಗ."

ಉಡುಮಲೈಪೇಟೆ, ಮಾವನ ಮನೆ

ರುಕ್ಮಿಣಿ ಅತ್ತೆ ನನ್ನ ಸೋದರಮಾವ ನಂಜಪ್ಪನವರ ಹೆಂಡತಿ. ಮಾವನ ಮನೆಯವರು ತಲೆಮಾರುಗಳಿಂದ ಇಲ್ಲೇ ಬೇಸಾಯ ಮಾಡಿಕೊಂಡಿದ್ದವರು. ಮಾವ ಹೊಲವನ್ನು ದಾಯಾದಿಗಳಿಗೆ ಬಿಟ್ಟು ಪೇಟೆಯಲ್ಲಿ ಹತ್ತಿಕಾಳು, ಹಿಂಡಿಯ ಅಂಗಡಿ ಇಟ್ಟರು. ದಿನಕ್ಕೆ ನಾಲ್ಕೈದು ಮಾತಾಡಿದರೆ ಹೆಚ್ಚು. ಉಳಿದದ್ದನ್ನೆಲ್ಲ ಅತ್ತೆ ಮಾತಾಡುತ್ತಾರೆ.

"ಬಾ ಕಣ್ಣು! ಏನಿಷ್ಟು ಸೊರಗಿದ್ಯ? ನಿಮ್ಮಪ್ಪ ಸಾಪಾಟು ಹಾಕಲ್ವಾ? ಬ್ಯಾಗು ಅಲ್ಲಿಡು, ಇದನ್ನ ಹಿಡ್ಕೊ."

‘ಇದು’ ಎಂದರೆ ಒಂದು ಹಿತ್ತಾಳೆಯ ಇದ್ದಲು ಇಸ್ತ್ರಿಪೆಟ್ಟಿಗೆ. ಅತ್ತೆ ಪಕ್ಷೇತರರು, ಅವರಿಗೆ ಸಿಕ್ಕ ಚಿಹ್ನೆ ಇಸ್ತ್ರಿಪೆಟ್ಟಿಗೆ. ಜನಕ್ಕೆ ಚಿಹ್ನೆ ಮನಸ್ಸಿನಲ್ಲಿ ಉಳಿಯಬೇಕೆಂದು ಅಟ್ಟದಿಂದ ಇಳಿಸಿದ್ದ ಅದನ್ನು ಓಣಿ ಓಣಿ ಹೊತ್ತು ತಿರುಗುವುದು ನನ್ನ ಪಾಲಿಗೆ ಬಂತು. ಒಳಗೆ ಕೆಂಡ ಇಲ್ಲವೆನ್ನುವುದೊಂದೇ ಸಮಾಧಾನ. ಅದಕ್ಕಿಂತ ಹಗುರವಾದ ಚಿಹ್ನೆಯನ್ನು, ಒಂದು ಬಳಪವನ್ನೋ ಬಾಚಣಿಗೆಯನ್ನೋ, ಕೇಳಿಕೊಳ್ಳಬಾರದಿತ್ತೇ ಎಂದೆ. "ನಿನ್ನ ತೂಕಕ್ಕೆ ಗಾಳಿಪಟ ಕೇಳ್ಬೇಕಿತ್ತು" ಎಂದರು ಅತ್ತೆ.

ಅತ್ತೆ ಚುನಾವಣೆಗೆ ನಿಂತದ್ದೇಕೆ? ಮಾವನ ಅಂಗಡಿಯ ಮುಂದಿನ ಮೋರಿ ಉಕ್ಕಿ ಹಿಂಡಿಯ ಮೂಟೆಗಳಿಗೆ ನೀರು ನುಗ್ಗಿದಾಗ, ವಾರ್ಡಿನ ಕೌನ್ಸಿಲರ್ ಸೆಲ್ವರಾಜರ ಮನೆಗೆ ಅತ್ತೆ ಹೋಗಿದ್ದರಂತೆ. ಸೆಲ್ವರಾಜರು ಒಳ್ಳೆಯ ಮಾತಿನ ಮನುಷ್ಯ. ಕೂರಿಸಿ, ಕಾಫಿ ಕೊಟ್ಟು, ನಗುನಗುತ್ತಲೇ ಹೇಳಿದರಂತೆ: "ಅಕ್ಕಾ, ವೋಟಿಗೆ ಕೊಡೋದು ಕೊಟ್ಟೇ ನಾನು ಗೆದ್ದಿದ್ದು. ನಮ್ಮ ನಿಮ್ಮ ವ್ಯವಹಾರ ಅವತ್ತೇ ತೀರ್ತು ತಾನುಂಗ? ಈಗ ಮೋರಿ ಅಂದ್ರೆ ಅದು ಬೇರೆ."

"ನೀವು ಸುಮ್ನೆ ಬಂದ್ಬಿಟ್ರಾ ಅತ್ತೆ?" ಎಂದೆ. ಸುಮ್ಮನಿರುವ ಅತ್ತೆಯನ್ನು ನಾನು ಕಂಡೇ ಇಲ್ಲ.

"ಏನು ಹೇಳ್ಲಿ ಕಣ್ಣು? ಆ ಸಲ ಕವರು ನಾನೂ ಇಸ್ಕೊಂಡಿದ್ದೆ ತಾನೆ. ಮಿಕ್ಸಿ ಜಾರಿಗೆ ಆಯ್ತು. ಬಾಯಿ ಕಟ್ಟೋಯ್ತು. ಜನ್ಮದಲ್ಲಿ ಮೊದಲ ಸಲ." ಹೇಳುವಾಗಲೂ ಅವರ ಮುಖ ಕೆಂಪಾಗಿತ್ತು. "ಅದಕ್ಕೇ ಈ ಸಲ ತಗೊಳ್ಳೋದೂ ಇಲ್ಲ, ಕೊಡೋದೂ ಇಲ್ಲ. ಗೆಲ್ತೀನೋ ಸೋಲ್ತೀನೋ, ನನ್ನ ಬಾಯಿ ನನಗೆ ವಾಪಸ್ ಬೇಕು."

ಮನೆಮನೆ ಹತ್ತಿದೆವು. ಇಷ್ಟು ಪ್ರೀತಿಯ ಮತದಾರರನ್ನು ನಾನು ಕಂಡಿಲ್ಲ. ಒಂದು ಮನೆಯಲ್ಲಿ ಮಜ್ಜಿಗೆ, ಒಂದು ಮನೆಯಲ್ಲಿ ಎಳನೀರು, ಇನ್ನೊಂದು ಮನೆಯಲ್ಲಿ ನನ್ನ ಮದುವೆಗೆ ಹೆಣ್ಣು. ಎಲ್ಲ ಮುಗಿದು ನಾವು ಚಪ್ಪಲಿ ಮೆಟ್ಟುವಾಗ ಬಾಗಿಲ ಹತ್ತಿರ ಮೆಲ್ಲಗೆ ಒಂದು ಪ್ರಶ್ನೆ: "ಅಕ್ಕಾ, ಕವನಿಪ್ಪು?" ಹಾಗೆಂದರೆ ‘ನಮ್ಮನ್ನು ಗಮನಿಸಿಕೊಳ್ಳುವುದು ಯಾವಾಗ’ ಎಂದು. ದುಡ್ಡೆಂಬ ಶಬ್ದವನ್ನು ಯಾರೂ ಬಾಯಿಗೆ ತರುವುದಿಲ್ಲ, ನಾಚಿಕೆ. ಮೂಲೆಮನೆಯ ಪಾಪಾತ್ತಿ ಅಜ್ಜಿ ಮಾತ್ರ ಅತ್ತೆಯ ಗಲ್ಲ ಸವರಿ ನೇರವಾಗಿ ಕೇಳಿತು: "ಏನೂ ಕೊಡದೆ ವೋಟು ಕೇಳೋಕೆ ಬಂದಿದ್ಯಲ್ಲ ರುಕ್ಕು, ಮೈ ಸರಿಯಿದ್ಯಾ?"

ನಾನು ನಗಬಹುದಿತ್ತು. ಆದರೆ ನಮ್ಮನೆಯ ಅನ್ನ ಬೇಯುವುದು ಹೋದ ಚುನಾವಣೆಯಲ್ಲಿ ಬಂದ ಕುಕ್ಕರಿನಲ್ಲಿ. ಅದರ ಸೀಟಿಯನ್ನು ನಾನು ಬಹಳ ಚೆನ್ನಾಗಿ ಅನುಕರಿಸುತ್ತೇನೆ.

ಬೇಕರಿ

ಇಲ್ಲಿ ಟೀ ಅಂಗಡಿಗೆ ಬೇಕರಿ ಎನ್ನುತ್ತಾರೆ. ಊರಿನ ರಾಜಕೀಯ ಬೇಯುವುದೂ ಅಲ್ಲೇ. ಸಂಜೆ ಟೀ ಕುಡಿಯುತ್ತ, ದಿಂಬಂ ಘಟ್ಟದ ಬಸ್ಸು, ಅದರ ಕಂಡಕ್ಟರು, ಉರುಳುವ ಟೊಮೆಟೊ, ಎಲ್ಲವನ್ನೂ ಮಾಡಿ ತೋರಿಸಿದೆ. ಜನ ಸೇರಿತು. ಬಿಳಿ ಅಂಗಿಯ ಒಬ್ಬಾತ, ಕುಮಾರ್ ಅಂತೆ, ನನ್ನ ಟೀ ದುಡ್ಡು ತಾನೇ ಕೊಟ್ಟ.

"ತಂಬಿ, ನಿಮ್ಮ ದನಿ ಬಲು ಚೆಂದ. ನಾಳೆ ನಮ್ಮದೊಂದು ಕಾದುಕುತ್ತು ಇದೆ. ಬೆಳಿಗ್ಗೆಯಿಂದ ಸಂಜೆವರೆಗೆ ಜನ ಎದ್ದು ಹೋಗದ ಹಂಗೆ ನಗಿಸ್ಬೇಕುಂಗ."

ಕಾದುಕುತ್ತು ಎಂದರೆ ಮಗುವಿನ ಕಿವಿ ಚುಚ್ಚುವ ಶಾಸ್ತ್ರ. ಸೋದರಮಾವನ ಮಡಿಲಲ್ಲಿ ಕೂರಿಸಿ ಚುಚ್ಚುತ್ತಾರೆ. ಇಲ್ಲಿ ಅದನ್ನು ಸಣ್ಣ ಮದುವೆಯಂತೆಯೇ ಮಾಡುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಯಾರ ಕಿವಿ ಚುಚ್ಚುತ್ತಾರೆ, ಆನೆಯದೇ ಎಂದು ನನಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬದಲಿಗೆ, ಅಷ್ಟು ಜನರೆದುರು ಮೈಕಿನಲ್ಲಿ ಎರಡು ಸಲ ಇಸ್ತ್ರಿಪೆಟ್ಟಿಗೆ ಅಂದರೆ ಅತ್ತೆಗೆ ಪುಕ್ಕಟೆ ಪ್ರಚಾರ, ಆಮೇಲೆ ಹೇಳಿ ಬೆರಗುಗೊಳಿಸೋಣ ಎಂದು ಲೆಕ್ಕ ಹಾಕಿದೆ. ಮರುದಿನ ಬೆಳಿಗ್ಗೆ ಹೊಟ್ಟೆನೋವೆಂದು ಮಲಗಿದೆ. ಅತ್ತೆ ಮೆಂತ್ಯ ಹಾಕಿದ ಮಜ್ಜಿಗೆ ಕುಡಿಸಿ, ಇಸ್ತ್ರಿಪೆಟ್ಟಿಗೆಯನ್ನು ಮಾವನ ಕೈಗೆ ಕೊಟ್ಟು ಹೊರಟರು. ಅವರು ಓಣಿ ತಿರುಗುತ್ತಲೇ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ.

ಕೊಬ್ಬರಿ ಗೋಡೌನು

ಬಾಗಿಲಿಗೆ ಬಾಳೆಕಂದು, ಒಳಗೆಲ್ಲ ಕೊಬ್ಬರಿಯ ಘಾಟು, ಹಿಂದಿನಿಂದ ಬಿರಿಯಾನಿಯ ವಾಸನೆ, ಪ್ಲಾಸ್ಟಿಕ್ ಕುರ್ಚಿಗಳ ತುಂಬ ಜನ. ಹಿಂದಿನ ವಾರ ನಮಗೆ ಮಜ್ಜಿಗೆ, ಎಳನೀರು ಕೊಟ್ಟವರೆಲ್ಲ ಅಲ್ಲೇ ಇದ್ದರು. ನನ್ನನ್ನು ಕಂಡು, "ಅಯ್ಯೋ, ಇಸ್ತ್ರಿಪೆಟ್ಟಿ ತಂಬಿ!" ಎಂದು ಚಪ್ಪಾಳೆ ತಟ್ಟಿದರು. ನನ್ನ ಜನಪ್ರಿಯತೆ ಇಷ್ಟು ಬೇಗ ಹಬ್ಬಿತೇ ಎಂದು ಉಬ್ಬಿದೆ. ಬಾಗಿಲಲ್ಲಿ ಬಂದವರಿಗೆಲ್ಲ ಒಂದೊಂದು ಕವರು ಕೊಡುತ್ತಿದ್ದರು. ಎದ್ದು ಹೊರಟವರನ್ನು ಇಬ್ಬರು ಗಟ್ಟಿಗರು "ಊಟ ಮಾಡ್ಕೊಂಡು ಹೋಗೀಂಗ" ಎಂದು ಭುಜ ಹಿಡಿದು ಕೂರಿಸುತ್ತಿದ್ದರು. ಎಂಥ ಉಪಚಾರ ಎಂದುಕೊಂಡೆ!

ಬಸ್ಸಾಯಿತು, ಕುಕ್ಕರಾಯಿತು. ಕೊನೆಗೆ ಅತ್ತೆಯನ್ನೇ ತೆಗೆದುಕೊಂಡೆ. ಸೊಂಟಕ್ಕೆ ಕೈಯಿಟ್ಟು, ಅವರದೇ ದನಿಯಲ್ಲಿ, "ಅಕ್ಕಾ, ಇಸ್ತ್ರಿಪೆಟ್ಟಿಗೆ ಹಾಕೀಂಗ. ಕವರು ಇಲ್ಲೀಂಗ, ಮೋರಿ ಉಂಟುಂಗ!" ಎಂದೆ. ಜನ ಬಿದ್ದು ಬಿದ್ದು ನಕ್ಕರು. ಗೋಡೌನಿನ ಮೇಲಿನ ಸ್ಪೀಕರು ಅದನ್ನು ಊರಿಗೆಲ್ಲ ಹಂಚಿತು.

ಆಮೇಲೆ ರೂಢಿಯಂತೆ, "ಈಗ ನಮ್ಮ ಪುಟಾಣಿಯನ್ನು ವೇದಿಕೆಗೆ ಕರ್ಕೊಂಡು ಬನ್ನಿ" ಎಂದೆ. ಯಾರೂ ಅಲುಗಲಿಲ್ಲ. "ಮಗು ಎಲ್ಲಿ?" ಎಂದೆ. ಅತ್ತೆಯ ಮಿಮಿಕ್ರಿಗೆ ಬಂದದ್ದಕ್ಕಿಂತ ದೊಡ್ಡ ನಗು ಎದ್ದಿತು. ಮುಂದಿನ ಸಾಲಿನಲ್ಲಿದ್ದ ಪಾಪಾತ್ತಿ ಅಜ್ಜಿ ನನ್ನ ಪಂಚೆಯ ತುದಿ ಜಗ್ಗಿ ಹೇಳಿತು: "ಮಗು ಯಾವುದೂ ಇಲ್ಲ ಕಣ್ಣು. ಇದು ಸೆಲ್ವರಾಜನ ಚಪ್ಪರ. ನಿಮ್ಮತ್ತೆ ಕೊನೇ ದಿನ ಮನೆಗೆ ಬಂದು ನಮ್ಮ ಮನಸು ಕೆಡಿಸ್ಬಾರ್ದು ಅಂತ ಕೂರಿಸಿದಾರೆ. ಆಫೀಸರು ಕೇಳಿದ್ರೆ ಕಾದುಕುತ್ತು ಅನ್ನೋಕೆ. ನಿನಗೆ ಗೊತ್ತಿಲ್ವಾ? ಪಾಪ, ಎಷ್ಟು ಚೆನ್ನಾಗಿ ಮಾಡ್ತಿದ್ದೆ!"

ಬ್ಯಾನರು, ಬಾವುಟ, ಸೆಲ್ವರಾಜರ ಫೋಟೊ ಒಂದೂ ಏಕಿಲ್ಲವೆಂದು ಆಗ ಹೊಳೆಯಿತು. ಅವಿದ್ದರೆ ಬಿರಿಯಾನಿಯೂ ಕುರ್ಚಿಯೂ ನಾನೂ ಅವರ ಖರ್ಚಿಗೆ ಸೇರಿಬಿಡುತ್ತಿದ್ದೆವು. ಮೈಕು ಇಟ್ಟು ಓಡಬೇಕೆನ್ನುವಷ್ಟರಲ್ಲಿ ಹೊರಗೆ ಜೀಪಿನ ಸದ್ದು. ಚುನಾವಣೆಯ ಹಾರುವ ಪಡೆ, ಅದೇ ಫ್ಲೈಯಿಂಗ್ ಸ್ಕ್ವಾಡು, ಬಂದಿತ್ತು. ಕೊನೆಯ ತಿರುವಿನಲ್ಲಿ ಜೀಪು ಕೆಟ್ಟಿದ್ದರಿಂದ ತಳ್ಳಿಸಿಕೊಂಡು ಬಂದಿತ್ತು.

ಮಡಿಲು

ಅಧಿಕಾರಿ ಬೆವರೊರೆಸಿಕೊಳ್ಳುತ್ತ ಒಳಗೆ ಬಂದರು. ಹಿಂದೆ ವಿಡಿಯೊ ಹಿಡಿಯುವವರು. "ಯಾರ ವಿಶೇಷ ಇದು?"

"ಕಾದುಕುತ್ತು ಸಾರ್" ಎಂದ ಕುಮಾರ್.

"ಮಗು?"

ಮಕ್ಕಳೆಲ್ಲ ಶಾಲೆಯಲ್ಲಿದ್ದವು. ಕುಮಾರನ ಕಣ್ಣು ಗೋಡೌನನ್ನೆಲ್ಲ ಸುತ್ತಿ ಬಂದು ನನ್ನ ಮೇಲೆ ನಿಂತಿತು. ಅವನ ಕೈ ನನ್ನ ಹೆಗಲ ಮೇಲೆ ಬಿತ್ತು.

"ಇದೇ ಸಾರ್."

"ಇದಕ್ಕೆ ಮೀಸೆ ಇದೆ."

"ಹರಕೆ ಸಾರ್. ಸ್ವಲ್ಪ ತಡ ಆಯ್ತು."

ಅಧಿಕಾರಿ ನನ್ನ ಎರಡೂ ಕಿವಿ ಹಿಡಿದು ನೋಡಿದರು. ತೂತಿರಲಿಲ್ಲ. ಮಗುವಾಗಿದ್ದಾಗ ನಾನು ಕಿರುಚಿದ ರಭಸಕ್ಕೆ ಆಚಾರಿ ಸೂಜಿ ಬಿಟ್ಟು ಎದ್ದು ಹೋಗಿದ್ದನಂತೆ. ಮತ್ತೆ ಯಾರೂ ಧೈರ್ಯ ಮಾಡಿರಲಿಲ್ಲ. ಅಧಿಕಾರಿ ಈ ಸೀಮೆಯವರೇ. "ಸರಿ, ಮಾಮ ಎಲ್ಲಿ? ಮಾಮನ ಮಡಿಲಿಲ್ಲದೆ ಯಾವ ಊರಲ್ಲಿ ಕಿವಿ ಚುಚ್ತಾರೆ?" ಎಂದರು.

"ನಾನೇ ಸಾರ್" ಎನ್ನುತ್ತ ಅಡುಗೆ ಕಡೆಯಿಂದ ಸೆಲ್ವರಾಜರು ಕೈ ಒರೆಸಿಕೊಂಡು ಬಂದರು. ಮುಖದ ತುಂಬ ನಗು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತೊಡೆ ತಟ್ಟಿದರು. ನಾನು ಎದುರಾಳಿಯ ಮಡಿಲಲ್ಲಿ ಕೂತೆ. ಬೆಳಗಿನಿಂದ ತೋರಿಕೆಗೆಂದು ಕೂರಿಸಿದ್ದ ಆಚಾರಿ, ಅಂತೂ ಕೆಲಸ ಸಿಕ್ಕಿತೆಂದು ಹುರುಪಿನಿಂದ ಎದ್ದ. ಎಡಗಿವಿಗೆ ತಂತಿ ಇಳಿಯಿತು.

ಇಷ್ಟು ದನಿಗಳ ನಡುವೆ ನನ್ನ ಸ್ವಂತ ದನಿ ಯಾವುದೆಂದು ಎಷ್ಟೋ ವರ್ಷಗಳಿಂದ ಮರೆತಿದ್ದೆ. ಅವತ್ತು ಕೇಳಿಸಿತು. ಚೆನ್ನಾಗಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ, ಮಾವ. ಬೀಗ ಹಾಕಿದ ಮನೆಗಳ ಓಣಿಯಲ್ಲಿ ನಿಂತಿದ್ದ ಅತ್ತೆಗೆ ಸ್ಪೀಕರಿನಲ್ಲಿ ತಮ್ಮದೇ ದನಿ ಕೇಳಿಸಿ, ಅದರ ಜಾಡು ಹಿಡಿದು ಬಂದಿದ್ದರು. ಅಧಿಕಾರಿ ಎದುರಿಗಿದ್ದುದರಿಂದ ಗಟ್ಟಿಗರು ತಡೆಯಲಿಲ್ಲ. ಅತ್ತೆ ನನ್ನನ್ನು ನೋಡಿದ ನೋಟವನ್ನು ಅನುಕರಿಸಲು ಇನ್ನೂ ನನಗೆ ಬಂದಿಲ್ಲ. ಆದರೆ ಮೊದಲು ಮಾತಾಡಿದವರು ಮಾವ. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ಸೆಲ್ವರಾಜರ ಮುಂದೆ ನಿಂತು ಹೇಳಿದರು:

"ಏಳು. ಅವನು ನನ್ನ ತಂಗಿ ಮಗ. ಮಡಿಲು ನನ್ನದು."

ಸೆಲ್ವರಾಜರು ಹೌಹಾರಲಿಲ್ಲ. ಅವರ ಮುಖ ಇನ್ನಷ್ಟು ಅರಳಿತು. "ಕೇಳಿದ್ರಾ ಸಾರ್? ಇದು ರುಕ್ಮಿಣಿ ಅಕ್ಕನ ಮನೆ ವಿಶೇಷ. ಮಗು ಅವರದು, ಮಾಮ ಅವರು. ನಾವು ಕರೆದ್ರು ಅಂತ ಬಂದ ನೆಂಟರುಂಗ."

ಅಧಿಕಾರಿ ಅತ್ತೆಯ ಕಡೆ ತಿರುಗಿದರು. ದನಿಯಲ್ಲಿ ಗಡಸಿರಲಿಲ್ಲ, ಬೇಸರವಿತ್ತು. "ಅಮ್ಮಾ, ನೀವೂ ಅಭ್ಯರ್ಥಿ ತಾನೆ? ನಿಮ್ಮ ಮನೆ ವಿಶೇಷ ಅಂದ್ರೆ ಈ ಬಿರಿಯಾನಿ, ಕುರ್ಚಿ, ಮೈಕು ಎಲ್ಲ ನಿಮ್ಮ ಚುನಾವಣಾ ಖರ್ಚಿಗೆ ಹೋಗುತ್ತೆ. ಮಿತಿ ದಾಟೋಗುತ್ತೆ. ಗೆದ್ದರೂ ಉಳಿಯಲ್ಲ, ಮುಂದೆ ನಿಲ್ಲೋಕೂ ಆಗಲ್ಲ."

ಸಾವಿರ ಕರಪತ್ರಕ್ಕೆ ಸಾವಿರವೆಂದೇ ಹಾಕಿಸಿದ ಅತ್ತೆಯ ತಲೆಗೆ ಇಡೀ ಗೋಡೌನಿನ ಬಿರಿಯಾನಿ ಕಟ್ಟುವುದರಲ್ಲಿತ್ತು, ಅದೂ ನನ್ನ ಕಿವಿಯ ಮೂಲಕ. ನಾನು ಮಾವನ ಬಳಿ ಪಿಸುಗುಟ್ಟಿದೆ: "ಮಾವ, ಇವನು ಯಾರೋ ಗೊತ್ತಿಲ್ಲ ಅಂದ್ಬಿಡಿ."

"ಥೂ, ತಂಗಿ ಮಗನ್ನ ಇಲ್ಲ ಅನ್ಲಾ?" ಎಂದರು ಮಾವ. ಅವರ ಆ ದಿನದ ಮಾತಿನ ಕೋಟಾ ಅಲ್ಲಿಗೆ ಮುಗಿಯಿತು.

ಸೆಲ್ವರಾಜರು ಅದೇ ನಗುವಿನಲ್ಲಿ ಅತ್ತೆಯನ್ನೇ ನೋಡುತ್ತಿದ್ದರು. ಮೋರಿಯ ದಿನವೂ ಹೀಗೇ ನೋಡಿರಬೇಕು. ಮುಂದೇನಾಯಿತೆಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅತ್ತೆಯ ಮಾತಿನ ಮೇಲೆ ಇನ್ನೊಂದು ಮಾತು ಕೂರುವುದಿಲ್ಲ. ಅಧಿಕಾರಿ ಗೋಡೌನಿನ ಖರ್ಚನ್ನೆಲ್ಲ ಸೆಲ್ವರಾಜರ ಹೆಸರಿಗೇ ಬರೆದುಕೊಂಡರು; ವಿಚಾರಣೆ ಇನ್ನೂ ನಡೆಯುತ್ತಿದೆ. ಅತ್ತೆ ಸೋತರು, ಆದರೆ ಠೇವಣಿ ಉಳಿಸಿಕೊಂಡರು. ಪಾಪಾತ್ತಿ ಅಜ್ಜಿ ಎರಡೂ ಕಡೆಯವರಿಗೂ ತಾನು ವೋಟು ಹಾಕಿದ್ದಾಗಿ ಇಂದಿಗೂ ಆಣೆ ಇಡುತ್ತದೆ. ಒಂದೇ ಕಿವಿಯ ಶಾಸ್ತ್ರ ಮನೆಗೆ ಒಳ್ಳೆಯದಲ್ಲವೆಂದು ಮಾವ ನನ್ನನ್ನು ಮರುವಾರ ಆಚಾರಿಯ ಬಳಿ ಒಯ್ದು, ತಮ್ಮ ಮಡಿಲಲ್ಲಿ ಕೂರಿಸಿಕೊಂಡು ಬಲಗಿವಿಯನ್ನೂ ಚುಚ್ಚಿಸಿದರು.

ಆ ಹೊತ್ತಿನಲ್ಲಿ ಅತ್ತೆ ಮಾಡಿದ್ದಿಷ್ಟೇ. ಸೆರಗನ್ನು ಮುಂದಕ್ಕೆ ತಂದು ಎರಡೂ ಕೈಯಲ್ಲಿ ಅಗಲವಾಗಿ ಒಡ್ಡಿ, ಅಧಿಕಾರಿಗೆ, ಸೆಲ್ವರಾಜರಿಗೆ, ಇಡೀ ಗೋಡೌನಿಗೆ ಕೇಳುವಂತೆ ಹೇಳಿದರು:

"ಆಗ್ಲಿ ಸಾರ್, ವಿಶೇಷ ನಮ್ಮದೇ ಅಂತ ಬರ್ಕೊಳ್ಳೀಂಗ. ಹಂಗಾದ್ರೆ ಇವರೆಲ್ಲರ ಕೈಲಿರೋ ಕವರು ನಮ್ಮ ಮಗೂಗೆ ತಂದಿರೋ ಮುಯ್ಯಿ ತಾನುಂಗ? ಒಬ್ಬೊಬ್ಬರಾಗಿ ಬಂದು ನನ್ನ ಸೆರಗಿಗೆ ಹಾಕಕ್ಕೆ ಹೇಳೀಂಗ. ಮೊದಲು ಸೆಲ್ವರಾಜು ತಂಬೀನೇ ಹಾಕ್ಲಿ!"